ಸಾರ್ವಜನಿಕರು ಊರಾಗಿಲ್ರಿ

ಇಂಡಿ ಊರಿನ ಸಾರ್ವಜನಿಕರಿಗೆ ಏನು ಬೇಕು, ಏನು ಬೇಡ ಎಂಬುದು ಸಾರ್ವಜನಿಕರಿಗಿಂತ ಮೊದಲು ಸಿದ್ದಾರೂಢನಿಗೆ ಗೊತ್ತಾಗುತ್ತಿತ್ತು. ಅವನು 'ಡೋಣಿ ವಾರ್ತೆ' ದಿನಪತ್ರಿಕೆಯ ಇಂಡಿ ವರದಿಗಾರ. ಅವನ ಮನೆಯ ಮುಂದೆ ಗಟಾರ ತುಂಬಿದರೆ ಮರುದಿನ ಪತ್ರಿಕೆಯಲ್ಲಿ 'ಗಟಾರ ಸ್ವಚ್ಛತೆಗೆ ಸಾರ್ವಜನಿಕರ ಆಗ್ರಹ' ಎಂದು ಬರುತ್ತಿತ್ತು. ಅವನು ಮಧ್ಯಾಹ್ನ ಅಡ್ಡಾದಾಗ ಕರೆಂಟು ಹೋಗಿ ಫ್ಯಾನು ನಿಂತರೆ 'ಸಾರ್ವಜನಿಕರ ಆಕ್ರೋಶ'. ಅವನಿಗೆ ತೂಕಡಿಕೆ ತಂದ ಭಾಷಣವನ್ನು ಸಾರ್ವಜನಿಕರೂ ತೂಕಡಿಸುತ್ತಲೇ ಕೇಳುತ್ತಿದ್ದರು.

ಸುದ್ದಿಯಲ್ಲಿ ಸ್ವಂತ ಅಭಿಪ್ರಾಯ ಬೆರೆಸಬಾರದು ಎಂದು ವಿಜಯಪುರದ ಕಚೇರಿಯಲ್ಲಿ ಕೂತ ಉಪಸಂಪಾದಕ ಮಂಜೂರ ಸಾಹೇಬರು ಅವನು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು. ಸಿದ್ದಾರೂಢ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದ. ಒಂದೇ ಒಂದು ಅಭಿಪ್ರಾಯವನ್ನೂ ತನ್ನದೆಂದು ಬರೆಯಲಿಲ್ಲ. ಎಲ್ಲವನ್ನೂ ಸಾರ್ವಜನಿಕರ ತಲೆಗೆ ಕಟ್ಟಿದ.

ಹೀಗೆ ಕಟ್ಟಿ ಕಟ್ಟಿ ಅವನಿಗೆ 'ನಾನು' ಎನ್ನುವ ಮಾತೇ ಬಾಯಿಗೆ ಬಾರದಾಯಿತು. ಊಟಕ್ಕೆ ಕೂತಾಗಲೂ ಅದೇ ಪಾಡು.

"ಇವತ್ತ ಪಲ್ಯಾಕ ಖಾರ ಕಡಿಮಿ ಆಗೇತಿ ಅನ್ನಾಕತ್ತಾರ," ಎನ್ನುತ್ತಿದ್ದ.

"ಯಾರು ಅನ್ನಾಕತ್ತಾರ್ರಿ?" ಎಂದು ಹೆಂಡತಿ ಸುವರ್ಣಾ ಕೇಳುತ್ತಿದ್ದಳು.

"ಎಲ್ಲಾರೂ."

"ಮನ್ಯಾಗ ನಾವು ಇರೂದ ಇಬ್ರು. ನಾ ಅಂತೂ ಅಂದಿಲ್ಲ," ಎಂದು ಅವಳು ನಕ್ಕು, ತಟ್ಟೆಗೆ ಶೇಂಗಾ ಚಟ್ನಿ ಹಾಕುತ್ತಿದ್ದಳು. ಆ ನಗುವಿನ ಬೆಲೆ ಆಗ ಅವನಿಗೆ ತಿಳಿದಿರಲಿಲ್ಲ. ಗಂಡಸರಿಗೆ ಇಂಥವು ತಡವಾಗಿಯೇ ತಿಳಿಯುತ್ತವೆ, ಅದರಲ್ಲೂ ಪತ್ರಕರ್ತರಿಗೆ ಇನ್ನೂ ತಡ.

ಸುವರ್ಣಾಳ ತವರು ನಿಡಗುಂದಿ. ಅವಳ ತಾಯಿ ಸಿದ್ದಲಿಂಗವ್ವ ಅಲ್ಲಿಯ ಮಹಿಳಾ ಸಂಘದ ಅಧ್ಯಕ್ಷೆ. ಸಿದ್ದಲಿಂಗವ್ವ ಬಡಿದ ಖಡಕ್ ರೊಟ್ಟಿಯನ್ನು ಬಿಸಿಲಿಗೆ ಹಿಡಿದರೆ ಆಚೆಗಿನ ಸೂರ್ಯ ಕಾಣುತ್ತಾನೆ ಎಂದು ಆ ಕಡೆ ಮಾತಿದೆ. ಸಂಘದವರು ಸೇರಿ ಒಂದು ರೊಟ್ಟಿ ಕೇಂದ್ರ ಶುರುಮಾಡಿದಾಗ ಉದ್ಘಾಟನೆಗೆ ಅಳಿಯನನ್ನೂ ಕರೆದರು. ನಿಡಗುಂದಿ ಸಿದ್ದಾರೂಢನ ವರದಿಯ ಸೀಮೆಯಲ್ಲ. ಆದರೂ ಅತ್ತೆಯ ಮನೆಯ ಸುದ್ದಿಯನ್ನು ಬೇರೆಯವನು ಬರೆಯುವುದು ತನ್ನ ಘನತೆಗೆ ಕಡಿಮೆ ಎಂದು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಹೋದ.

ಅಲ್ಲಿ ಅನಾಹುತವಾಯಿತು. ಊಟದ ಹೊತ್ತಿಗೆ ಮೊದಲ ಪಂಕ್ತಿಯಲ್ಲಿ ಅಧಿಕಾರಿಗಳನ್ನು ಕೂರಿಸಿದರು. ಸಿದ್ದಾರೂಢ ಖಾಲಿ ಎಲೆಯೊಂದರ ಮುಂದೆ ಮಂಡಿ ಮಡಿಸುವಷ್ಟರಲ್ಲಿ ಸಿದ್ದಲಿಂಗವ್ವ ಓಡಿ ಬಂದು, "ಅಳಿಯಂದಿರ, ನೀವು ಮನಿಯವರ. ಸಾಹೇಬ್ರು ಉಂಡು ಹೋಗ್ಲಿ, ನೀವು ಹಿಂದಿಂದ ಕುಂತ್ರ ನಡೀತೈತಿ," ಎಂದು ಎಬ್ಬಿಸಿದಳು.

ಅಳಿಯನನ್ನು ಎಲೆಯ ಮುಂದಿನಿಂದ ಎಬ್ಬಿಸುವುದು! ನಮ್ಮ ಸೀಮೆಯಲ್ಲಿ ಇದಕ್ಕಿಂತ ಸಣ್ಣ ಕಾರಣಕ್ಕೆ ಮೂರು ತಲೆಮಾರು ಮಾತು ಬಿಟ್ಟ ಮನೆತನಗಳಿವೆ. ಸಿದ್ದಾರೂಢ ಮಾತು ಬಿಡಲಿಲ್ಲ. ಎರಡನೇ ಪಂಕ್ತಿಯಲ್ಲಿ ತಲೆ ತಗ್ಗಿಸಿ ಉಂಡು, ಇಂಡಿಗೆ ಬಂದು ಸುದ್ದಿ ಬರೆದ. ಸಂಘದ ಶ್ರಮ, ಸ್ವಾವಲಂಬನೆ, ಸಾಹೇಬರ ಭಾಷಣ ಎಲ್ಲ ಚೆನ್ನಾಗಿಯೇ ಬಂದವು. ಕಡೆಯ ಸಾಲು ಮಾತ್ರ ಹೀಗಿತ್ತು: 'ಆದರೆ ರೊಟ್ಟಿಗಳು ತುಸು ದಪ್ಪವಾಗಿದ್ದವು ಎಂಬ ಅಭಿಪ್ರಾಯ ಸಾರ್ವಜನಿಕರಿಂದ ಕೇಳಿಬಂತು.'

ಆ ಒಂದು ಸಾಲು ಸಾಕಾಯಿತು. ಮುದ್ದೇಬಿಹಾಳದ ಒಂದು ಮದುವೆ ಮನೆಯವರು, "ಬೀಗರು ದೊಡ್ಡ ಮಂದಿ, ದಪ್ಪ ರೊಟ್ಟಿ ಹಾಕಿದ್ರ ಆಡ್ಕೋತಾರ," ಎಂದು ಸಂಘಕ್ಕೆ ಹೇಳಿದ್ದ ರೊಟ್ಟಿ ಬೇಡವೆಂದರು. ಸಿದ್ದಲಿಂಗವ್ವ ಪತ್ರಿಕೆಯನ್ನು ಮಡಚಿ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು, ಒಂದನ್ನು ಬಿಟ್ಟು ಉಳಿದ ಒಲೆಗಳನ್ನೆಲ್ಲ ಆರಿಸಿಬಿಟ್ಟಳಂತೆ. ಸುದ್ದಿ ಫೋನಿನಲ್ಲಿ ಇಂಡಿಗೆ ಬಂತು. ಸುವರ್ಣಾ ಗಂಡನ ಮುಂದೆ ಬಂದು ನಿಂತಳು.

"ಈ ಸಾರ್ವಜನಿಕರು ಯಾರ್ರಿ?"

"ಅಂದ್ರ... ಮಂದಿ."

"ಯಾವ ಮಂದಿ? ಒಬ್ಬರ ಹೆಸರು ಹೇಳ್ರಿ."

ಸಿದ್ದಾರೂಢ ಗಂಟಲು ಸರಿಮಾಡಿಕೊಂಡ. "ಪತ್ರಕರ್ತ ಆದಾವ ಮೂಲ ಬಿಟ್ಟು ಕೊಡಬಾರದು."

"ಹೌದ್ರಿ? ಹಂಗಾರ ಆ ಸಾರ್ವಜನಿಕರನ್ನ ಕರಕೊಂಡು ಬಂದು ನಮ್ಮವ್ವನ ಮುಂದ ನಿಲ್ಲಸ್ರಿ. ಅಲ್ಲೀತನಾ ನಾ ಈ ಮನಿಗೆ ಬರಂಗಿಲ್ಲ."

ಅವಳು ಟ್ರಂಕು ಹಿಡಿದು ಹೊರಟೇ ಹೋದಳು. ಸಿಂದಗಿಯಲ್ಲಿ ಒಮ್ಮೆ, ಬಸವನ ಬಾಗೇವಾಡಿಯಲ್ಲಿ ಒಮ್ಮೆ ಬಸ್ಸು ಬದಲಿಸಿ, ಟ್ರಂಕು ಇಳಿಸಿ ಏರಿಸಿ ನಿಡಗುಂದಿ ಮುಟ್ಟಿದಳು.

ಮೊದಲ ಸಂಜೆ ಸಿದ್ದಾರೂಢ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ನಮ್ಮ ಓಣಿಯಲ್ಲಿ ಸಂಜೆಯಾದರೆ ಸಾಲು ಮನೆಗಳಿಂದ ರೊಟ್ಟಿ ಬಡಿಯುವ ಸದ್ದು ಬರುತ್ತದೆ. ಅದನ್ನು ಯಾರೂ ಬೇರೆಯಾಗಿ ಕೇಳುವುದಿಲ್ಲ. ಅಂದು ಅವನಿಗೆ ಕೇಳಿಸಿತು. ಎಡಮನೆಯಿಂದ ಬಂತು, ಬಲಮನೆಯಿಂದ ಬಂತು, ಎದುರು ಮನೆಯಿಂದ ಬಂತು, ಅವನ ಬೆನ್ನ ಹಿಂದಿನ ಮನೆಯಿಂದ ಮಾತ್ರ ಬರಲಿಲ್ಲ. ಅವನಿಗೆ ಅಳು ಬಂತು. ಪತ್ರಕರ್ತ ಬೀದಿಯಲ್ಲಿ ಅಳಬಾರದೆಂದು ಒಳಗೆ ಹೋಗಿ, ಒಲೆಯ ಮುಂದೆ ಕೂತು ಅತ್ತ.

ಎದುರು ಮನೆಯ ಶಮ್ಶುನ್ನೀಸಾ ಎರಡು ರೊಟ್ಟಿ, ಬದನೆಕಾಯಿ ಪಲ್ಯ ಮುಚ್ಚಿಕೊಂಡು ತಂದಳು. ಅವಳ ಗಂಡ ಶಹಾಬುದ್ದೀನ ಬಸ್‌ ನಿಲ್ದಾಣದಲ್ಲಿ ಚಹಾ ಅಂಗಡಿ ಇಟ್ಟವನು. ನಮ್ಮ ಊರಿನ ಅಭಿಪ್ರಾಯಗಳೆಲ್ಲ ಕುದಿಯುವುದು ಅಲ್ಲಿಯೇ.

"ಅಣ್ಣಾ, ಫೋನ್ ಹಚ್ಚಿ 'ನೀ ಇಲ್ದ ಬ್ಯಾಸರಾಗೇತಿ, ಬಾ' ಅಂತ ಒಂದ ಮಾತು ಅನ್ರಲಾ. ಬಾಯೇನು ಸವೀತೈತಿ?" ಎಂದಳು.

ಸಿದ್ದಾರೂಢ ಧೈರ್ಯಮಾಡಿ ಫೋನು ಹಚ್ಚಿದ. "ಹಲೋ ಸುವರ್ಣಾ... ಇಲ್ಲಿ ಓಣಿ ಮಂದಿ ನಿನ್ನ ಭಾಳ ನೆನಸಾಕತ್ತಾರ."

"ಓಣಿ ಮಂದಿಗೆ ನಮಸ್ಕಾರ ಹೇಳ್ರಿ," ಎಂದು ಅವಳು ಇಟ್ಟುಬಿಟ್ಟಳು.

ಬಾಯಲ್ಲಿ ಬಾರದ್ದು ಪೆನ್ನಿನಲ್ಲಿ ಬರತೊಡಗಿತು. ಸಂತೆಯ ದರಪಟ್ಟಿ ಬರೆದರೆ, 'ಬದನೆಕಾಯಿ ಅಗ್ಗವಾಗಿದೆ. ಆದರೆ ಎಣಗಾಯಿ ಮಾಡಿ ಬಡಿಸುವವರು ಊರಲ್ಲಿಲ್ಲ ಎಂದು ಸಾರ್ವಜನಿಕರು ಅಳಲು ತೋಡಿಕೊಂಡರು' ಎಂದು ಮುಗಿಸಿದ. ಪುರಸಭೆಯವರು ಬೀದಿದೀಪ ಹಾಕಿಸಿದ ಸುದ್ದಿಗೆ, 'ಬೀದಿಯಲ್ಲಿ ಬೆಳಕಾದರೂ ಮನೆಯೊಳಗೆ ಕತ್ತಲೆಯೇ ಎಂಬುದು ಸಾರ್ವಜನಿಕರ ಕೊರಗು' ಎಂದು ಸೇರಿಸಿದ. ಇದನ್ನು ಓದಿ ಕರೆಂಟಿನ ಇಲಾಖೆಯವರು ಏಣಿ ಹೊತ್ತು ಓಣಿಗೆ ಬಂದರು. ಮನೆ ಮನೆ ಹೊಕ್ಕು ಗುಂಡಿ ಒತ್ತಿ ನೋಡಿದರು. ಎಲ್ಲರ ಮನೆಯಲ್ಲೂ ದೀಪ ಹತ್ತಿತು, ಸಿದ್ದಾರೂಢನ ಮನೆಯಲ್ಲೂ ಹತ್ತಿತು.

"ಕತ್ತಲಿ ಎಲ್ಲೈತ್ರಿ?" ಎಂದು ಲೈನ್‌ಮನ್ ಕೇಳಿದ.

"ಈಗ ಹೋತ್ರಿ," ಎಂದ ಸಿದ್ದಾರೂಢ.

ಮಂಜೂರ ಸಾಹೇಬರು ವಿಜಯಪುರದಿಂದ ಫೋನು ಮಾಡಿದರು. "ಏನ್ರೀ ಸಿದ್ದಾರೂಢ, ನಿಮ್ಮ ಇಂಡಿ ಸಾರ್ವಜನಿಕರಿಗೆ ಏನಾಗೇತಿ? ಎಲ್ಲಾರೂ ಒಮ್ಮಿಗೇ ಹೇಂತಿ ತವರಿಗೆ ಹೋದವರಂಗ ಅಳಾಕತ್ತಾರಲ್ಲ?"

"ಹವಾ ಸರಿ ಇಲ್ರಿ ಸಾಹೇಬ್ರ," ಎಂದು ಸಿದ್ದಾರೂಢ ಫೋನು ಇಟ್ಟ.

ಆಗ ಅವನಿಗೆ ಹೆಂಡತಿಯ ಹಳೆಯ ಮಾತೊಂದು ನೆನಪಾಯಿತು. "ನಿಡಗುಂದಿಗೆ ನೇರ ಬಸ್ ಇದ್ದಿದ್ರ ಮುಂಜಾನೆ ಹೋಗಿ ಅವ್ವನ್ನ ನೋಡಿ, ಸಂಜಿಗೆ ನಿಮ್ಮ ರೊಟ್ಟಿ ಹೊತ್ತಿಗೆ ತಿರುಗಿ ಬರ್ತಿದ್ದೆ," ಎಂದು ಅವಳು ಯಾವಾಗಲೋ ಅಂದಿದ್ದಳು. ಹಾಗಾದರೆ ಅವಳು ಬಾರದಿರುವುದು ಸಿಟ್ಟಿನಿಂದಲ್ಲ, ಬಸ್ಸಿಲ್ಲದ್ದರಿಂದ! ಬಯಕೆ ಹೆಚ್ಚಾದವನಿಗೆ ಹುಲ್ಲುಕಡ್ಡಿಯೂ ತೊಲೆಯಂತೆ ಕಾಣುತ್ತದೆ. ಮರುದಿನ ಪತ್ರಿಕೆಯಲ್ಲಿ ದೊಡ್ಡ ಅಕ್ಷರ: 'ಇಂಡಿಯಿಂದ ಸಿಂದಗಿ, ಬಾಗೇವಾಡಿ, ನಿಡಗುಂದಿ ಮಾರ್ಗವಾಗಿ ಮುದ್ದೇಬಿಹಾಳಕ್ಕೆ ನೇರ ಬಸ್: ಸಾರ್ವಜನಿಕರ ತೀವ್ರ ಆಗ್ರಹ.'

ಇಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಊರಲ್ಲಿ ಇನ್ನೊಂದು ಪತ್ರಿಕೆಯ ವರದಿಗಾರ ಭೀಮಶ್ಯಾ ಇದ್ದ. ಅವನ ಅಕ್ಕನ ಗಂಡನ ಟಂಟಂ ಆಟೋ ಸಿಂದಗಿ ರಸ್ತೆಯ ಹಳ್ಳಿಗಳಿಗೆ ಓಡುತ್ತಿತ್ತು. ಆದ್ದರಿಂದ ಅವನ ಪತ್ರಿಕೆಯಲ್ಲಿ 'ಅನಗತ್ಯ ಬಸ್‌ಗೆ ಸಾರ್ವಜನಿಕರ ತೀವ್ರ ವಿರೋಧ' ಎಂದು ಬಂತು. ಸಿದ್ದಾರೂಢನ ಸಾರ್ವಜನಿಕರು ಧರಣಿಯ ಎಚ್ಚರಿಕೆ ಕೊಟ್ಟರು. ಭೀಮಶ್ಯಾನ ಸಾರ್ವಜನಿಕರು ಉಗ್ರ ಹೋರಾಟಕ್ಕೆ ಇಳಿದರು. ಇಬ್ಬರೂ ವರದಿಗಾರರು ಶಹಾಬುದ್ದೀನನ ಅಂಗಡಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತ ಈ ಕದನವನ್ನು ನಡೆಸಿದರು.

ಬಸ್ ಡಿಪೋದ ಮ್ಯಾನೇಜರ್ ಜೈನುದ್ದೀನ ಸಾಹೇಬರು ಕಡೆಗೆ ಇಬ್ಬರನ್ನೂ ಕರೆಸಿದರು. ಎರಡೂ ಪತ್ರಿಕೆಗಳನ್ನು ಮೇಜಿನ ಮೇಲೆ ಹಾಸಿದರು.

"ಇವರ ಸಾರ್ವಜನಿಕರಿಗೆ ಬಸ್ ಬೇಕು. ಅವರ ಸಾರ್ವಜನಿಕರಿಗೆ ಬ್ಯಾಡ. ಇವರೆಲ್ಲಾ ಇರೂದು ಎಲ್ಲಿರಿ? ನಾ ಸರ್ವೀಸಿಗೆ ಹತ್ತಿದಾಗಿನಿಂದ ನೋಡಾಕತ್ತೇನಿ, ನನಗ ಬರೇ ಮಂದಿ ಭೆಟ್ಟಿ ಆಗ್ಯಾರ. ಸಾರ್ವಜನಿಕರು ಒಬ್ರೂ ಭೆಟ್ಟಿ ಆಗಿಲ್ಲ."

"ಭಾಳ ಮಂದಿ ಅದಾರ್ರಿ," ಎಂದ ಸಿದ್ದಾರೂಢ.

"ಛಲೋ ಆತು. ಸೋಮವಾರ ಒಂದ ದಿನ ಬಸ್ ಬಿಟ್ಟು ನೋಡ್ತೇನಿ. ನಿಮ್ಮ ಸಾರ್ವಜನಿಕರನ್ನ ಹತ್ತಸ್ರಿ. ತುಂಬಿದ್ರ ಕಾಯಂ, ಇಲ್ಲಂದ್ರ ಬಂದ್."

ಸಿದ್ದಾರೂಢ ಸಾರ್ವಜನಿಕರನ್ನು ಹುಡುಕಿಕೊಂಡು ಊರೆಲ್ಲ ತಿರುಗಿದ. ಕೇಳಿದವರೆಲ್ಲ, ಬಸ್ಸು ಬಹಳ ಅಗತ್ಯ, ಪತ್ರಿಕೆಯವರು ಒಳ್ಳೆಯ ಕೆಲಸ ಮಾಡಿದಿರಿ ಎಂದು ಬೆನ್ನು ತಟ್ಟಿದರು. ಹತ್ತುತ್ತೀರಾ ಎಂದರೆ ಮಾತ್ರ ಒಬ್ಬನಿಗೆ ತೋಟದಲ್ಲಿ ಲಿಂಬೆ ಕೀಳುವುದಿತ್ತು, ಇನ್ನೊಬ್ಬನಿಗೆ ಝಳಕಿಯಲ್ಲಿ ಕೆಲಸವಿತ್ತು.

"ಮುದ್ದೇಬಿಹಾಳದಾಗ ನನಗೇನೈತಿ ಸಿದ್ದಾರೂಢ? ಸಾರ್ವಜನಿಕರಿಗೆ ಬೇಕಾಗೇತಿ ಅಂದಿ, ಅವರು ಹೋಗ್ಲಿ," ಎಂದ ಶಹಾಬುದ್ದೀನ, ಚಹಾ ಸೋಸುತ್ತ.

ಸೋಮವಾರ ಬೆಳಿಗ್ಗೆ ಬಸ್ಸು ತೊಳೆದು, ಮುಂದೆ ಹೊಸ ಬೋರ್ಡು ಹಚ್ಚಿ ಬಂತು. ಸಿದ್ದಾರೂಢ ಇಸ್ತ್ರಿ ಅಂಗಿ ತೊಟ್ಟು, ಅತ್ತೆಗೆಂದು ಒಂದು ಚೀಲ ಲಿಂಬೆಹಣ್ಣು ಹಿಡಿದು ಹತ್ತಿದ. ಕಂಡಕ್ಟರ್ ಮುಕ್ತಾರ ಹಿಂದೆ ಮುಂದೆ ನೋಡಿದ. ಸೀಟಿನ ಕೆಳಗೂ ಬಗ್ಗಿ ನೋಡಿದ.

"ಸಾರ್ವಜನಿಕರು ಎಲ್ರಿ?"

ಸಿದ್ದಾರೂಢ ಕಿಟಕಿಯ ಹೊರಗೆ ನೋಡಿದ. "ನಾನ," ಎಂದ, ತನಗೇ ಕೇಳಿಸದಷ್ಟು ಸಣ್ಣಗೆ.

"ನೀವ? ಪೇಪರ್ನ್ಯಾಗ ಭಾಳ ಮಂದಿ ಕಂಡಿದ್ರಿ," ಎಂದು ಮುಕ್ತಾರ ಟಿಕೀಟು ಹರಿದುಕೊಟ್ಟ.

ಸಿಂದಗಿಯಲ್ಲಿ ದೇವಣಗಾಂವದ ಬಸ್ಸೆಂದು ತಿಳಿದು ಒಬ್ಬ ಮುದುಕ ಹತ್ತಿದ, ಬೈದುಕೊಳ್ಳುತ್ತ ಇಳಿದ. ಬಾಗೇವಾಡಿಯಲ್ಲಿ ಒಬ್ಬ ಹೆಣ್ಣುಮಗಳು ಬಾಗಿಲಿಗೆ ಬಂದು, ಒಳಗೆ ಒಬ್ಬನೇ ಗಂಡಸು ಲಿಂಬೆ ಚೀಲ ತಬ್ಬಿಕೊಂಡು ಕೂತದ್ದು ಕಂಡು ಹಿಂದೆ ಸರಿದಳು. ದಾರಿಯುದ್ದಕ್ಕೂ ಕರಿ ಹೊಲಗಳು, ಜೋಳದ ತೆನೆ. ಸುವರ್ಣಾ ಇದೇ ದಾರಿಯಲ್ಲಿ ಟ್ರಂಕು ಹೊತ್ತು ಹೋಗಿದ್ದಳು ಎಂದು ಅವನು ನೆನೆದ. ಅವಳು ಯಾವ ಕಿಟಕಿಗೆ ಕೂತಿದ್ದಳೋ, ಸಿಂದಗಿಯಲ್ಲಿ ಟ್ರಂಕು ಯಾರು ಇಳಿಸಿಕೊಟ್ಟರೋ, ಒಂದು ಕಪ್ಪು ಚಹಾ ಆದರೂ ಕುಡಿದಳೋ ಇಲ್ಲವೋ. ಇಷ್ಟು ವರ್ಷ ಊರ ಸುದ್ದಿ ಕೇಳಿಕೊಂಡು ಬಂದವನು ಇದನ್ನು ಮಾತ್ರ ಕೇಳಿರಲಿಲ್ಲ. ಅವಳನ್ನು ನೋಡಬೇಕು ಎಂಬ ಆಸೆ ಬಸ್ಸಿಗಿಂತ ಮುಂದೆ ಓಡುತ್ತಿತ್ತು.

ನಿಡಗುಂದಿಯಲ್ಲಿ ಮುಕ್ತಾರ, "ಇಳೀರಿ. ನಾವು ಮುದ್ದೇಬಿಹಾಳಕ್ಕ ಹೋಗಿ ತಿರುಗಿ ಬರ್ತೇವಿ. ಹಾರ್ನ್ ಹೊಡೀತೇನಿ, ಬಂದುಬಿಡ್ರಿ," ಎಂದ.

ರೊಟ್ಟಿ ಕೇಂದ್ರದಲ್ಲಿ ಒಂದೇ ಒಲೆ ಉರಿಯುತ್ತಿತ್ತು. ಸಿದ್ದಲಿಂಗವ್ವ ಹಿಟ್ಟು ನಾದುತ್ತಿದ್ದಳು, ಸುವರ್ಣಾ ಹಂಚಿನ ಮುಂದೆ ಕೂತಿದ್ದಳು. ಗಂಡನನ್ನು ಕಂಡು ಅವಳ ಮುಖ ಅರಳಿ, ತಕ್ಷಣ ಬಿಗಿಯಿತು. ಅರಳಿದ್ದು ಸಿದ್ದಾರೂಢನ ಕಣ್ಣಿಗೆ ಬಿತ್ತು.

"ಒಬ್ರ ಬಂದೀರಿ? ಎಲ್ಲದಾರ ನಿಮ್ಮ ಸಾರ್ವಜನಿಕರು?"

ಅವನು ಲಿಂಬೆ ಚೀಲವನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಂಡ. "ಬಂದಾರ."

"ಎಲ್ಲಿ?"

"ಇಲ್ಲೇ ನಿಂತಾರ."

ಸುವರ್ಣಾ ಅವನ ಹಿಂದೆ ಇಣುಕಿ ನೋಡಿದಳು. ಹಿಂದೆ ಒಂದು ಆಡು ನಿಂತಿತ್ತು. "ನೆಟ್ಟಗ ಹೇಳ್ರಿ. ರೊಟ್ಟಿ ದಪ್ಪ ಅಂದವರು ಯಾರು?"

ಸಿದ್ದಾರೂಢನ ತುಟಿ ಎರಡು ಸಲ ಅಲುಗಾಡಿ ನಿಂತಿತು. "ನಾ."

"ಬಸ್ ಬೇಕು ಅಂದವರು?"

"ನಾ."

"ಎಣಗಾಯಿ ಮಾಡಾಕ ಯಾರೂ ಇಲ್ಲ ಅಂತ ಅತ್ತವರು?"

"ಅದೂ ನಾನ. ಅತ್ತೀ, ನಿಮ್ಮ ರೊಟ್ಟಿ ದಪ್ಪ ಇರಲಿಲ್ರಿ. ಪಂಕ್ತಿಯಿಂದ ಎಬ್ಬಿಸಿದ್ರಿ ಅಂತ ಸಿಟ್ಟು ಬಂದಿತ್ತು."

ಸಿದ್ದಲಿಂಗವ್ವ ನಾದಿದ ಹಿಟ್ಟನ್ನು ಮುಂದಕ್ಕೆ ಎಳೆದುಕೊಂಡಳು. ಒಂದು ಉಂಡೆ ಮುರಿದು ಬಡಿದಳು, ಮಗಳು ಬೇಯಿಸಿದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಅಳಿಯನ ಮುಂದೆ ಸರಿಸಿ, "ಮೊದಲನೇ ಪಂಕ್ತಿ, ಕುಂಡ್ರಿ," ಎಂದಳು. ಅವನು ಕೂತು ತಿಂದ.

"ಹೆಂಗೈತ್ರಿ?"

"ಎಲ್ಲಾರೂ..." ಎಂದು ಶುರುಮಾಡಿದವನು ನಾಲಿಗೆ ಕಚ್ಚಿಕೊಂಡ. "ನನಗ ಭಾಳ ಸೇರೇತ್ರಿ."

ಹೊರಗೆ ಹಾರ್ನು ಕೇಳಿಸಿತು. ಸಿದ್ದಾರೂಢ ಹೆಂಡತಿಯ ಕಡೆ ನೋಡಿದ. "ನಡಿ ಸುವರ್ಣಾ. ಬಸ್ ಖಾಲಿ ಐತಿ."

ಅವಳ ಕಣ್ಣು ತುಂಬಿದವು, ಆದರೆ ಎದ್ದೇಳಲಿಲ್ಲ. "ಅವ್ವನ ಮರ್ಯಾದಿ ಹೋದದ್ದು ಪೇಪರ್ನ್ಯಾಗ. ನೀವು ಒಲಿ ಮುಂದ ಕುಂತು ಹೇಳಿದ್ರ ಮದವಿ ಮನಿಯವರಿಗೆ ಕೇಳಸ್ತೈತೇನ್ರಿ? ಈ ಒಲಿಗೋಳು ಉರೀಲಿ. ಆಮ್ಯಾಲ ನೋಡೂಣು."

ಅವನು ಒಬ್ಬನೇ ಹತ್ತಿದ. ಮುಕ್ತಾರ ಏನೂ ಕೇಳದೆ ಟಿಕೀಟು ಕೊಟ್ಟ. ಬರುವ ದಾರಿಯಲ್ಲಿ ಸಿದ್ದಾರೂಢ ಲೆಕ್ಕ ಹಾಕಿದ. ಬಸ್ಸು ತುಂಬಿತ್ತು ಎಂದು ಬರೆದರೆ ಬಸ್ಸು ಉಳಿಯುತ್ತದೆ, ಡಿಪೋದವರು ಟಿಕೀಟಿನ ಲೆಕ್ಕಕ್ಕಿಂತ ಪತ್ರಿಕೆಯನ್ನೇ ನಂಬುತ್ತಾರೆ. ಸುವರ್ಣಾ ಮಾತ್ರ ಇನ್ನೆಂದೂ ನಂಬುವುದಿಲ್ಲ. ಇದ್ದದ್ದನ್ನು ಬರೆದರೆ ಅವಳು ಬರಬೇಕಾದ ಬಸ್ಸೇ ನಿಂತುಹೋಗುತ್ತದೆ. ಮನೆಗೆ ಬಂದವನೇ ಬರೆದ:

'ಇಂಡಿ–ಮುದ್ದೇಬಿಹಾಳ ಪ್ರಾಯೋಗಿಕ ಬಸ್ಸಿನಲ್ಲಿ ಸೋಮವಾರ ಇಂಡಿಯಿಂದ ನಿಡಗುಂದಿಗೆ ಹೋದವನು ಒಬ್ಬನೇ. ಬಸ್ ಬೇಕೆಂದು ಆಗ್ರಹಿಸಿದವನೂ ಅವನೇ. ನಿಡಗುಂದಿ ಮಹಿಳಾ ಸಂಘದ ರೊಟ್ಟಿ ದಪ್ಪವೆಂದು ಹಿಂದೆ ಹೇಳಿದವನೂ ಅವನೇ. ಎರಡನೇ ಪಂಕ್ತಿಗೆ ಕೂರಿಸಿದ ಸಿಟ್ಟಿನಿಂದ ಹಾಗೆ ಬರೆದ. ರೊಟ್ಟಿ ತೆಳ್ಳಗೇ ಇದ್ದವು. ಅವನು ಈ ವರದಿಗಾರ.'

ಮಂಜೂರ ಸಾಹೇಬರ ಫೋನು ಬಂತು. "ಸಿದ್ದಾರೂಢ, ಕಡೀ ಸಾಲು ಬಂದಿಲ್ಲ ನೋಡ್ರಿ. ಸಾರ್ವಜನಿಕರು ಏನಂದ್ರು?"

"ಸಾರ್ವಜನಿಕರು ಊರಾಗಿಲ್ರಿ ಸಾಹೇಬ್ರ."

ಮಂಜೂರ ಸಾಹೇಬರು ಸುದ್ದಿಯನ್ನು ಇನ್ನೊಮ್ಮೆ ಓದಿದರು. "ಲಗೂನ ತಿರುಗಿ ಬರ್ಲಿ," ಎಂದು ಅವರು ಒಂದಕ್ಷರ ಬದಲಿಸದೆ ಅಚ್ಚಿಗೆ ಹಾಕಿದರು.

ಬಸ್ಸು ನಿಂತುಹೋಯಿತು. 'ಸಾರ್ವಜನಿಕರ ಹೋರಾಟಕ್ಕೆ ಸಂದ ಜಯ' ಎಂದು ಭೀಮಶ್ಯಾ ಬರೆದ. ನಮ್ಮ ಊರಿಗೆ ಮಾತ್ರ ಬಹಳ ನೋವಾಯಿತು. ಬಸ್ಸಿಗಾಗಿ ಅಲ್ಲ, ಇಷ್ಟು ವರ್ಷ ಪತ್ರಿಕೆಯಲ್ಲಿ ಆಗ್ರಹಿಸಿದ್ದು, ಆಕ್ರೋಶಗೊಂಡಿದ್ದು ನಾವೇ ಎಂದು ನಾವೆಲ್ಲ ನಂಬಿದ್ದೆವು.

"ಎಲ್ಲಾ ನೀ ಒಬ್ಬನ ಆಗಿದ್ರ ನಾವು ಏನಾಗಿದ್ವಿ?" ಎಂದು ಶಹಾಬುದ್ದೀನ ಅವನಿಗೆ ಚಹಾ ಕೊಡದೆ ಕೇಳಿದ.

ಸಿದ್ದಾರೂಢನಿಗೆ ಅದೊಂದೂ ತಾಗಲಿಲ್ಲ. ಅವನು ದಿನಾ ಸಂಜೆ ನಿಲ್ದಾಣಕ್ಕೆ ಬಂದು ಸಿಂದಗಿ ಬಸ್ಸು ಕಾಯುತ್ತಿದ್ದ. ಬಸ್ಸು ಬರುತ್ತಿತ್ತು, ಮಂದಿ ಇಳಿಯುತ್ತಿದ್ದರು, ಕಡೆಯವನು ಇಳಿದ ಮೇಲೂ ಅವನು ಬಾಗಿಲನ್ನೇ ನೋಡುತ್ತ ನಿಂತಿರುತ್ತಿದ್ದ. ನೋಡಿ ನೋಡಿ ಶಹಾಬುದ್ದೀನನ ಸಿಟ್ಟೂ ಇಳಿದು, ಕೇಳದೆಯೇ ಚಹಾ ಕೊಡತೊಡಗಿದ. ಮುದ್ದೇಬಿಹಾಳದ ಮದುವೆ ಮನೆಯವರು ನಿಡಗುಂದಿ ರೊಟ್ಟಿಯನ್ನೇ ಮತ್ತೆ ಹೇಳಿದರಂತೆ, ಒಲೆಗಳೆಲ್ಲ ಉರಿಯುತ್ತಿವೆಯಂತೆ ಎಂಬ ಸುದ್ದಿ ಬೇರೆ ಬಸ್ಸಿನಲ್ಲಿ ಆ ಕಡೆ ಹೋಗಿಬಂದ ಮುಕ್ತಾರನಿಂದ ಬಂತು. ಸುವರ್ಣಾ ಬರುತ್ತಾಳೆ ಎಂಬ ಸುದ್ದಿ ಬರಲಿಲ್ಲ. ಸಂಜೆ ಓಣಿಯಲ್ಲಿ ರೊಟ್ಟಿ ಸದ್ದು ಶುರುವಾಗುವ ಹೊತ್ತಿಗೆ ಮನೆಗೆ ಹೋಗಲು ಅವನಿಗೆ ಕಾಲು ಬರುತ್ತಿರಲಿಲ್ಲ.

ಹೀಗೆಯೇ ಒಂದು ಸಂಜೆ ಸಿಂದಗಿ ಬಸ್ಸಿನಿಂದ ಎಲ್ಲರೂ ಇಳಿದರು. ಕಡೆಗೆ ಒಂದು ಟ್ರಂಕು ಇಳಿಯಿತು. ಅದರ ಹಿಂದೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಗಂಟು, ಗಂಟಿನ ಹಿಂದೆ ಧೂಳು ಮುತ್ತಿದ ಸುವರ್ಣಾ.

ಸಿದ್ದಾರೂಢ ಓಡಿಹೋಗಿ ಟ್ರಂಕು ಹಿಡಿದ. "ದಾರಿ ನೋಡಿ ನೋಡಿ ಭಾಳ ಮಂದಿಗೆ..." ಎಂದು ಶುರುಮಾಡಿ, ನಿಲ್ಲಿಸಿ, ಉಸಿರೆಳೆದುಕೊಂಡ. "ನನಗ ಸಾಕಾಗಿತ್ತು ಸುವರ್ಣಾ."

ಅವಳು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು, ಕಣ್ಣನ್ನೂ ಒರೆಸಿಕೊಂಡಳು.

"ಬಾಗೇವಾಡ್ಯಾಗ ಇಳದೆ, ಸಿಂದಗ್ಯಾಗ ಇಳದೆ, ಈ ಟ್ರಂಕ್ ಹೊತ್ತು ಸೊಂಟ ಹೋತು. ನಾಳೆ ಪೇಪರ್ನ್ಯಾಗ ಬರೀರಿ, ನೇರ ಬಸ್ ಬೇಕ ಬೇಕು ಅಂತ," ಎಂದಳು. "ಈಗ ಸಾರ್ವಜನಿಕರು ಇಬ್ರ ಅದೀವಿ."